ರಥಬೀದಿಯಿಂದ ಗೊಮ್ಮಟನ ಬೆಟ್ಟಕ್ಕೆ ಒಂದು ಪಂದ್ಯದ ಸೈಕಲ್ಲು

ಉಡುಪಿಯನ್ನು ಕಂಡವರು ರಥಬೀದಿಯನ್ನು ಕಾಣದೆ ಹಿಂದಿರುಗುವುದಿಲ್ಲ. ಅಷ್ಟಮಠಗಳು ಸುತ್ತುವರಿದ ಆ ಬೀದಿಯಲ್ಲಿ ಬ್ರಹ್ಮರಥದ ಮರದ ಗಾಲಿಗಳು ಹೊರಳುವುದನ್ನು ನೋಡಿ ಬೆಳೆದ ನಮಗೆ ಚಕ್ರವೆಂದರೆ ಭಕ್ತಿ ಉಂಟು. ಆದರೆ ವೇಗದ ಮೇಲೆ ಅಂಥ ಮೋಹವೇನೂ ಇಲ್ಲ. ರಥವು ತಡೆದು ತಡೆದು ನಡೆದಷ್ಟೂ ನೋಡುವವರಿಗೆ ಸಂತೋಷ. ಅಂಥ ಬೀದಿಯಲ್ಲಿ, ಕಳೆದ ಡಿಸೆಂಬರಿನ ಒಂದು ಆದಿತ್ಯವಾರ ಬೆಳಗಿನ ಐದೂವರೆ ಗಂಟೆಗೆ, ಓಟಕ್ಕಾಗಿಯೇ ಹುಟ್ಟಿದ ಒಂದು ಸೈಕಲ್ಲನ್ನು ಹಿಡಿದು ನಾನು ನಿಂತಿದ್ದೆನು.

ಹೂ ಕಟ್ಟುತ್ತ ಕುಳಿತಿದ್ದ ಹೆಂಗಸೊಬ್ಬಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಪರೀಕ್ಷಿಸಿದಳು. "ಬೆಲ್ಲು ಇಲ್ಲವೆ? ಮಡ್ಗಾರ್ಡು? ಕ್ಯಾರಿಯರು? ಸ್ಟ್ಯಾಂಡಾದರೂ ಬೇಡವೆ?" ಇಲ್ಲವೆಂದೆ. "ಹಾಗಾದರೆ ಯಾರೋ ಕದ್ದಿದ್ದಾರೆ" ಎಂದು ಮರುಗಿದಳು.

ಪಂದ್ಯದ ಸೈಕಲ್ಲಿನ ಶಾಸ್ತ್ರವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಸಾಧ್ಯವಿಲ್ಲ. ನಮ್ಮ ಹಾಲಿನವನ ಸೈಕಲ್ಲಿನಿಂದ ಕಳೆಯಬಹುದಾದುದನ್ನೆಲ್ಲ ಕಳೆದ ಬಳಿಕ ಉಳಿಯುವುದೇ ಅದು.

ಸೈಕಲ್ಲು ನನ್ನದಲ್ಲ, ಚಿಕ್ಕಪ್ಪನದು. ಅವರು 1957ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಈ ಕಡೆಯ ಅಸಂಖ್ಯ ಹುಡುಗರಂತೆ ಮುಂಬಯಿಗೆ ಹೋಗಿ ಹೋಟೆಲೊಂದನ್ನು ಸೇರಿದರು. ಲೋಟ ತೊಳೆಯುವುದರಿಂದ ಆರಂಭಿಸಿ ಅಡುಗೆಯವರೆಗೆ ಏರಿದರು. ದಿನವೂ ಕಾಫಿಗೆ ಬರುತ್ತಿದ್ದ ಪಾರ್ಸಿ ಗೃಹಸ್ಥರೊಬ್ಬರಿಗೆ ಸೈಕಲ್ ಪಂದ್ಯದ ಹುಚ್ಚು. ಅವರು ಓದಿ ಬಿಟ್ಟುಹೋಗುತ್ತಿದ್ದ ಫ್ರೆಂಚ್ ಸಚಿತ್ರ ಪತ್ರಿಕೆಗಳ ಹಾಳೆಗಳು ಅಡುಗೆಮನೆಯ ಗೋಡೆಯಲ್ಲಿ ಕೃಷ್ಣನ ಪಟದ ಪಕ್ಕದಲ್ಲಿ ಸ್ಥಾನ ಪಡೆದವು. ಭಾಷೆ ತಿಳಿಯದಿದ್ದರೇನು? ಇಟಲಿಯ ಫಾಸ್ಟೊ ಕೊಪ್ಪಿ ಬೆಟ್ಟದ ತಿರುವಿನಲ್ಲಿ ಒಬ್ಬನೇ ಏರುತ್ತಿರುವ ಚಿತ್ರಕ್ಕೆ ಅನುವಾದ ಬೇಕಿಲ್ಲ. 1949ರಲ್ಲೂ 1952ರಲ್ಲೂ ಫ್ರಾನ್ಸಿನ ಮಹಾಸುತ್ತು ಟೂರ್ ದ ಫ್ರಾನ್ಸನ್ನು ಗೆದ್ದ ಆ ಧೀರನು ಆಫ್ರಿಕದಿಂದ ಮಲೇರಿಯ ಹಚ್ಚಿಕೊಂಡು ಬಂದು 1960ರ ಜನವರಿ 2ರಂದು ನಲವತ್ತನೆಯ ವಯಸ್ಸಿನಲ್ಲೇ ತೀರಿಕೊಂಡನು. ಕೊಪ್ಪಿಯನ್ನು ಕೊಂದದ್ದು ನಮ್ಮ ಊರಿನ ಚಳಿಜ್ವರವೇ ಎಂದು ಕೇಳಿ ಚಿಕ್ಕಪ್ಪನಿಗೆ ಅವನು ಇನ್ನೂ ಹತ್ತಿರದವನಾದನಂತೆ.

1968ರಲ್ಲಿ ಆ ಗೃಹಸ್ಥರು ವಯಸ್ಸಾಯಿತೆಂದು ತಮ್ಮ ಸೈಕಲ್ಲನ್ನು ಕಂತಿನ ಮೇಲೆ ಚಿಕ್ಕಪ್ಪನಿಗೇ ಕೊಟ್ಟರು. ವಿದೇಶೀ ಸಾಮಾನಿನ ಆಮದಿಗೆ ಬಿಗಿಯಾದ ನಿರ್ಬಂಧವಿದ್ದ ಕಾಲದಲ್ಲಿ ಅದು ಸಣ್ಣ ಸಂಪತ್ತಲ್ಲ. ಇಂಗ್ಲೆಂಡಿನ ಚೌಕಟ್ಟು, ರೆನಾಲ್ಡ್ಸ್ 531 ಎಂಬ ಉಕ್ಕಿನ ಕೊಳವೆ. 1935ರಲ್ಲಿ ಹೊರಬಂದ ಈ ಮಿಶ್ರಲೋಹದ ಕೊಳವೆಗಳು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆರಳಿನ ಗೆಣ್ಣಿನಿಂದ ಬಡಿದರೆ ತಾಳದಂತೆ ನಾದ ಕೊಡುತ್ತವೆ. ಬ್ರೂಕ್ಸ್ ಕಂಪೆನಿಯ ಚರ್ಮದ ಆಸನವು ಮೊದಲ ವರ್ಷ ಕುಳಿತವನನ್ನು ಹಿಂಸಿಸಿ, ಆಮೇಲೆ ಅವನ ದೇಹದ ಅಚ್ಚನ್ನೇ ತಾನು ತಳೆಯುತ್ತದೆ. ಆದುದರಿಂದ ನಾನು ಕುಳಿತದ್ದು ಅಕ್ಷರಶಃ ಚಿಕ್ಕಪ್ಪನ ಆಸನದಲ್ಲಿ. ಅದು ನನಗೆ ಹೊಂದಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಪ್ರಯಾಣಕ್ಕೆ ಒಂದು ಕಾರಣವಿತ್ತು. ಬೆಂಗಳೂರಿನ ಕಾಫಿ ಅಂಗಡಿಯವರೊಬ್ಬರು ಈ ಸೈಕಲ್ಲಿನ ಚಿತ್ರವನ್ನು ಎಲ್ಲಿಯೋ ನೋಡಿ, ಗೋಡೆಗೆ ತೂಗುಹಾಕುವುದಕ್ಕಾಗಿ ಒಳ್ಳೆಯ ಬೆಲೆ ಹೇಳಿದ್ದರು. ಚಿಕ್ಕಮ್ಮನ ಔಷಧಿಯ ಖರ್ಚು ಹೆಚ್ಚಿದ್ದ ಸಮಯ. ಕಾಪುವಿನ ಮನೆಯ ಚಾವಡಿಯಲ್ಲಿ ಮಾತು ನಡೆದಾಗ ಚಿಕ್ಕಪ್ಪ ಹೇಳಿದ್ದು ಇಷ್ಟೆ: "ಗೊಮ್ಮಟನ ಬೆಟ್ಟದ ಬುಡದವರೆಗೆ ಒಮ್ಮೆ ಕೊಂಡುಹೋಗಿ ಬಾ. ಹೋಗಿ ಬರುವ ಶಕ್ತಿ ಅದಕ್ಕೆ ಉಳಿದಿಲ್ಲವಾದರೆ ಗೋಡೆಯಲ್ಲಿ ತೂಗಲಿ." ಊರಿಗೆ ಮರಳಿದ ಮೇಲೆ ತಾವೇ ಮಾಡಬೇಕೆಂದಿದ್ದ ಪ್ರಯಾಣವದು. ಮೊಣಕಾಲು ಬಿಡಲಿಲ್ಲ. ಈಗ ಅವರಿಗೆ ಎಂಬತ್ತಮೂರು.

ಕಡಿಯಾಳಿ ದಾಟಿ, ಇಂದ್ರಾಳಿಯ ರೈಲ್ವೆ ಸೇತುವೆ ಕಳೆದರೆ ಮಣಿಪಾಲದ ಏರು ಆರಂಭವಾಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಈ ಏರು ಇದೆಯೆಂಬುದೇ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ತೊಡೆಗಳಿಗೆ. ಒಂದು ಕಾಲಕ್ಕೆ ಹುಲ್ಲೂ ಬೆಳೆಯದ ಮುರಕಲ್ಲಿನ ಬೋಳುಗುಡ್ಡ, ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಇದು ಊರಾಯಿತು, ಈಗ ನಗರವೇ ಆಗಿದೆ. ಟೈಗರ್ ಸರ್ಕಲಿನಲ್ಲಿ ನನ್ನ ತಂಗಿಯ ಮಗ ಕಾದಿದ್ದನು. ಇಲ್ಲಿಯೇ ಓದುವ ಹುಡುಗ, ಇಂಗಾಲದ ನೂಲಿನಿಂದ ಮಾಡಿದ, ಎಂಟು ಕಿಲೋ ತೂಗುವ ಹೊಸ ಬಗೆಯ ಸೈಕಲ್ಲು, ಮೈಗಂಟಿದ ಬಣ್ಣದ ಉಡುಪು, ತಲೆಗೆ ಶಿರಸ್ತ್ರಾಣ. ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಅವನು ನಗಲಿಲ್ಲ, ಹಲ್ಲುಗಳನ್ನು ಎಣಿಸಿದನು. ನನ್ನವಲ್ಲ, ಸೈಕಲ್ಲಿನವು.

ಲೆಕ್ಕ ಹೀಗಿದೆ. ಚಿಕ್ಕಪ್ಪನ ಸೈಕಲ್ಲಿನಲ್ಲಿ ಮುಂದೆ 50 ಮತ್ತು 46 ಹಲ್ಲುಗಳ ಎರಡು ಚಕ್ರ. ಹಿಂದೆ 14ರಿಂದ 24 ಹಲ್ಲಿನವರೆಗೆ ಐದು. ಅತಿ ಹಗುರವಾದ ಜೋಡಣೆಯಲ್ಲೂ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ನಾಲ್ಕು ಮೀಟರು ಮುಂದೆ ಹೋಗಲೇಬೇಕು. ಹುಡುಗನದರಲ್ಲಿ ಮುಂದೆ 34, ಹಿಂದೆ 32. ಒಂದು ಸುತ್ತಿಗೆ ಎರಡೂಕಾಲು ಮೀಟರು ಸಾಕು. ಅಂದರೆ ನಾನು ಎರಡೆರಡು ಮೆಟ್ಟಿಲು ಹಾರಿ ಹತ್ತುವ ಕಡೆ ಅವನು ಒಂದೊಂದೇ ಮೆಟ್ಟಿಲು ಏರಿ ಬರುತ್ತಾನೆ. ಹಳೆಯ ಓಟಗಾರರ ಚಿತ್ರಗಳಲ್ಲಿ ಅವರು ಆಸನ ಬಿಟ್ಟೆದ್ದು ಸೈಕಲ್ಲನ್ನು ಎಡಬಲಕ್ಕೆ ತೂಗುತ್ತ ಹತ್ತುವುದು ಶೈಲಿಗಾಗಿ ಎಂದು ತಿಳಿದಿದ್ದೆ. ಬೇರೆ ಉಪಾಯವೇ ಇರಲಿಲ್ಲ.

ಅದಾದರೂ ಸುಖದ ಕಾಲ. 1903ರಲ್ಲಿ ಆರಂಭವಾದ ಟೂರ್ ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ದೊರೆತದ್ದು 1937ರಲ್ಲಿ. ಪಂದ್ಯದ ಜನಕ ಆನ್ರಿ ದೆಗ್ರಾಂಜನಿಗೆ ಗೇರೆಂದರೆ ಮುದುಕರ ಊರುಗೋಲು. ಅಲ್ಲಿಯವರೆಗೆ ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಒಂದೊಂದು ಅಳತೆಯ ಹಲ್ಲುಗಾಲಿ. ಬೆಟ್ಟ ಬಂತೆಂದರೆ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಬೇಕು. 1927ರ ನವೆಂಬರಿನಲ್ಲಿ ಇಟಲಿಯ ಕ್ರೋಚೆ ದಾವುನೆ ಎಂಬ ಹಿಮದ ಕಣಿವೆಯಲ್ಲಿ ತುಲ್ಲಿಯೊ ಕಂಪಾನ್ಯೋಲೊ ಎಂಬ ಓಟಗಾರನ ಬೆರಳುಗಳು ಮರಗಟ್ಟಿ ಚಕ್ರದ ತಿರುಪು ಬಿಚ್ಚಲಾಗಲಿಲ್ಲವೆಂದೂ, ಆ ಸೋಲಿನಿಂದಲೇ ಒಂದು ಸನ್ನೆಯನ್ನು ತಿರುಗಿಸಿದರೆ ಚಕ್ರ ಕಳಚುವ ಉಪಾಯ ಹುಟ್ಟಿತೆಂದೂ ಕಥೆಯುಂಟು. ಉಪಾಯ 1930ರದು, ಅದೇ ಸನ್ನೆ ಇಂದಿಗೂ ಎಷ್ಟೋ ಸೈಕಲ್ಲುಗಳಲ್ಲಿದೆ. ಚಿಕ್ಕಪ್ಪನದರಲ್ಲಿಯೂ ಇದೆ. ಅದು ನನಗೆ ಉಪಯೋಗಕ್ಕೆ ಬಂದ ಪ್ರಸಂಗ ಮುಂದೆ ಬರುತ್ತದೆ.

ಮಣಿಪಾಲದಿಂದ ಇಳಿಯುವುದು ಅರೆಗಳಿಗೆಯ ಕೆಲಸ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಂದು, ಉದ್ಯಾವರದ ಹೊಳೆ ದಾಟಿದಾಗ ಸೂರ್ಯೋದಯವಾಗಿತ್ತು. ಕಟಪಾಡಿಯಲ್ಲಿ ಎಡಕ್ಕೆ ಹೊರಳಿದರೆ ಶಂಕರಪುರ, ಮಲ್ಲಿಗೆಯ ಊರು. ನಾವು ನೇರವಾಗಿ ಹೋದೆವು. ಹೆದ್ದಾರಿಯಲ್ಲಿ ಲಾರಿಗಳ ಗಾಳಿ ಪಕ್ಕೆಗೆ ಬಡಿಯುತ್ತಿದ್ದರೂ ಇಬ್ಬರಿಗೂ ಮಾತು ನಿಲ್ಲಲಿಲ್ಲ. ವಿಷಯ ನನ್ನ ಅಂಗಿ.

ಹೌದು, ಕಡಲತೀರದ ಬೆವರಿನಲ್ಲಿ ನಾನು ಉಣ್ಣೆಯ ಅಂಗಿ ತೊಟ್ಟಿದ್ದೆ. ಹಳೆಯ ಓಟಗಾರರೆಲ್ಲ ಉಣ್ಣೆಯನ್ನೇ ಧರಿಸುತ್ತಿದ್ದರು. ಒದ್ದೆಯಾದರೂ ಉಣ್ಣೆ ಮೈಯನ್ನು ತಣ್ಣಗಾಗಿಸುವುದಿಲ್ಲ. ಬೆವರಿ ಶಿಖರ ಮುಟ್ಟಿ, ಕೂಡಲೇ ಹಿಮಗಾಳಿಗೆ ಇಳಿಯುವವನಿಗೆ ಅದೇ ಪ್ರಾಣರಕ್ಷೆ. ಅಷ್ಟೂ ಸಾಲದೆಂದು ಶಿಖರದಲ್ಲಿ ನಿಂತವರಿಂದ ವೃತ್ತಪತ್ರಿಕೆ ಇಸಿದುಕೊಂಡು ಎದೆಗೂ ಅಂಗಿಗೂ ನಡುವೆ ತುರುಕಿಕೊಳ್ಳುತ್ತಿದ್ದರು. ಪತ್ರಿಕೆಗಳಿಂದ ಜನರಿಗೇನು ಉಪಯೋಗವೆಂದು ಕೇಳುವವರು ಇದನ್ನು ಗಮನಿಸಬೇಕು! ಬೆನ್ನಿನ ಮೇಲೆ ಮೂರು ಕಿಸೆ. ಅದರಲ್ಲಿ ಬಾಳೆಹಣ್ಣು, ಸಕ್ಕರೆ ತುಂಡು, ರೊಟ್ಟಿ. 1951ರಲ್ಲಿ ಟೂರ್ ಗೆದ್ದ ಸ್ವಿಟ್ಸರ್ಲೆಂಡಿನ ಹ್ಯೂಗೊ ಕೊಬ್ಲೆಯ ಕಿಸೆಯಲ್ಲಿ ಬಾಚಣಿಗೆಯೂ ಇರುತ್ತಿತ್ತು. ಗಂಟೆಗಟ್ಟಲೆ ಒಬ್ಬನೇ ಓಡಿ ಗೆದ್ದು, ಗುರಿಯಲ್ಲಿ ಮುಖ ಒರೆಸಿ ಕೂದಲು ಬಾಚಿಕೊಂಡು ನಿಂತನಂತೆ, ಹಿಂದಿನವರು ಬರುವವರೆಗೆ. ತಲೆಗೆ ಹತ್ತಿಬಟ್ಟೆಯ ಗಿಡ್ಡಂಚಿನ ಟೊಪ್ಪಿ. ಬಿಸಿಲು ಹೆಚ್ಚಾದರೆ ಅದರೊಳಗೆ ಎಲೆಕೋಸಿನ ಎಲೆ. ಇದನ್ನು ಕೇಳಿ ನನಗೆ ನಮ್ಮ ಗದ್ದೆಯವರ ಮುಟ್ಟಾಳೆಯ ನೆನಪಾಯಿತು. ಅಡಕೆಯ ಹಾಳೆಯ ಆ ಟೊಪ್ಪಿಯನ್ನು ಫ್ರಾನ್ಸಿನವರು ಕಂಡಿದ್ದರೆ ಎಲೆಕೋಸಿನ ಖರ್ಚು ಉಳಿಯುತ್ತಿತ್ತು.

ಹುಡುಗನಿಗೆ ಇದೆಲ್ಲ ವಿನೋದ. ಆದರೆ ತಲೆಯ ವಿಷಯದಲ್ಲಿ ಅವನ ಮಾತೇ ಸರಿ. ಹಿಂದಿನವರ ಶಿರಸ್ತ್ರಾಣವೆಂದರೆ ನಾಲ್ಕಾರು ಚರ್ಮದ ಪಟ್ಟಿ. ಅದನ್ನೂ ಬಹಳ ಮಂದಿ ಹಾಕುತ್ತಿರಲಿಲ್ಲ. 2003ರ ಮಾರ್ಚಿಯಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ಸತ್ತ ಮೇಲೆ, ಅದೇ ವರ್ಷ ಶಿರಸ್ತ್ರಾಣ ಕಡ್ಡಾಯವಾಯಿತು. ಟೊಪ್ಪಿಯ ಸೊಗಸು ಹೋಯಿತೆಂದು ಗೊಣಗುವ ಹಳಬರ ಪಕ್ಷ ನಾನು ವಹಿಸಲಾರೆ. ನಾನೂ ಹುಡುಗನ ಹಳೆಯ ಶಿರಸ್ತ್ರಾಣವನ್ನೇ ಕಟ್ಟಿಕೊಂಡಿದ್ದೆನು.

ನನ್ನ ಅಂಗಿಯ ಬಣ್ಣ ಬೂದಿ. ಕೊಪ್ಪಿಯ ಬಿಯಾಂಕಿ ತಂಡದ ಬಣ್ಣ ಆಕಾಶಕ್ಕೂ ಪಾಚಿಗೂ ನಡುವಣ ಒಂದು ತಿಳಿಹಸಿರು. ಆದರೆ ಚಿಕ್ಕಪ್ಪನ ಗೋಡೆಯ ಮೇಲಿದ್ದ ಚಿತ್ರ ಕಪ್ಪುಬಿಳುಪಿನದು. ಚಿಕ್ಕಮ್ಮ ಮದುವೆಯಾದ ಹೊಸದರಲ್ಲಿ ಅದನ್ನು ನೋಡಿಕೊಂಡು ಹೆಣೆದದ್ದರಿಂದ ಕೊಪ್ಪಿ ನಮ್ಮ ಮನೆಯಲ್ಲಿ ಬೂದುಬಣ್ಣದವನಾದನು.

ಕಾಪುವಿನ ಹೊಸಮಾರಿಗುಡಿಯ ಎದುರಿನಿಂದ ಕಡಲಿನತ್ತ ತಿರುಗಿ ಮನೆ ಸೇರಿದಾಗ ಏಳೂವರೆ. ಮನೆಯ ಹಿತ್ತಲಿನಿಂದ ದೀಪಸ್ತಂಭ ಕಾಣುತ್ತದೆ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ್ದು. ನೂರಿಪ್ಪತ್ತು ಮಳೆಗಾಲಗಳನ್ನು ಕಂಡ ಮೇಲೂ ಗಟ್ಟಿಯಾಗಿ ನಿಂತಿದೆ. ಚಿಕ್ಕಪ್ಪ ಜಗಲಿಯಲ್ಲೇ ಕುಳಿತಿದ್ದರು. ಎದ್ದು ಬಂದು ಸೈಕಲ್ಲಿನ ಕೊಳವೆಯನ್ನು ಒಮ್ಮೆ ಬಡಿದು, ಕಿವಿಗೊಟ್ಟು ಕೇಳಿದರು. ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿದರು. ಒಂದು ಹೆಚ್ಚಿನ ಟೈರನ್ನು ಎಂಟರ ಆಕಾರಕ್ಕೆ ತಿರುಚಿ ನನ್ನ ಎರಡು ಭುಜಗಳ ಸುತ್ತ, ಜನಿವಾರ ತೊಡಿಸುವ ಪುರೋಹಿತರ ಗಾಂಭೀರ್ಯದಿಂದ, ತೊಡಿಸಿದರು. ಹಳೆಯ ಓಟಗಾರರು ಹಾಗೆಯೇ ಹೊತ್ತೊಯ್ಯುತ್ತಿದ್ದರು. ಆಮೇಲೆ ಆಸನದ ಹಿಂದೆ ಒಂದು ಸಣ್ಣ ಚರ್ಮದ ಚೀಲ ಕಟ್ಟಿದರು. "ಸಾಮಾನು ಉಂಟು" ಎಂದರು.

ಕಾಪುವಿನಿಂದ ಶಿರ್ವದವರೆಗಿನ ಹಾದಿ ತೋಟ, ಗದ್ದೆ, ಹಂಚಿನ ಮನೆಗಳ ನಡುವೆ ಏರಿಳಿಯುತ್ತ ಹೋಗುತ್ತದೆ. ಈ ಸೀಮೆಯವರಿಗೆ ಓಟದ ಸಲಕರಣೆಯ ವಿಷಯ ಹೊಸದೆಂದು ಯಾರೂ ತಿಳಿಯಬಾರದು. ಕಟಪಾಡಿಯ ಮೂಡು-ಪಡು ಕಂಬಳವಾಗಲಿ, ಕಾರ್ಕಳದ ಪಕ್ಕದ ಮಿಯಾರಿನ ಲವ-ಕುಶ ಕಂಬಳವಾಗಲಿ ನೋಡಿದವರಿಗೆ ಗೊತ್ತು: ಹಗ್ಗ, ನೇಗಿಲು, ಅಡ್ಡಹಲಗೆ, ಕೆನೆಹಲಗೆ ಎಂಬ ವಿಭಾಗಗಳಲ್ಲಿ ಯಾವ ಕೋಣಕ್ಕೆ ಯಾವುದು, ಓಡಿಸುವವನ ಕಚ್ಚೆ ಹೇಗಿರಬೇಕು, ಹಲಗೆಯ ತೂತಿನಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮಬೇಕು ಎಂದು ಇಲ್ಲಿಯ ಮುದುಕರು ರಾತ್ರಿಯೆಲ್ಲ ವಾದಿಸಬಲ್ಲರು. ಶಿರ್ವದ ಗೂಡಂಗಡಿಯಲ್ಲಿ ಚಹಾ ಕುಡಿಯುವಾಗ ಅಂಥ ಹಿರಿಯರೊಬ್ಬರು ಪೆಡಲಿನ ಚರ್ಮದ ಪಟ್ಟಿಯನ್ನು ಎಳೆದು ನೋಡಿ, "ಬಿದ್ದರೆ ಕಾಲು ಬಿಡಿಸಿಕೊಳ್ಳುವುದು ಹೇಗೆ?" ಎಂದರು. ಒಂದೇ ನೋಟಕ್ಕೆ ಅರವತ್ತು ವರ್ಷಗಳ ದೋಷವನ್ನು ಹಿಡಿದಿದ್ದರು. ಬೂಟಿನ ಅಡಿಗೆ ಮೊಳೆ ಹೊಡೆದ ಬಿಲ್ಲೆ, ಬೆರಳನ್ನು ಹಿಡಿಯುವ ಉಕ್ಕಿನ ಪಂಜರ, ಮೇಲೆ ಬಿಗಿವ ಪಟ್ಟಿ: ಬಗ್ಗಿ ಕೈಯಿಂದ ಸಡಿಲಿಸದೆ ಕಾಲು ಬರದು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪೆನಿಯು ಹಿಮ್ಮಡಿ ತಿರುಗಿಸಿದರೆ ಕಳಚುವ ಪೆಡಲನ್ನು ತಂದಿತು. ಮರುವರ್ಷ ಬೆರ್ನಾರ್ ಇನೋ ಅದನ್ನೇ ತುಳಿದು ಟೂರ್ ಗೆದ್ದನು. ಪಂಜರಗಳ ಕಾಲ ಮುಗಿಯಿತು.

ಬೆಳ್ಮಣ್ಣು ಇನ್ನೂ ಒಂದು ಮೈಲಿ ಇರುವಾಗ ಹಿಂದಿನ ಟೈರು ಬುಸ್ಸೆಂದಿತು. ಪಂದ್ಯದ ಟೈರಿನಲ್ಲಿ ಟ್ಯೂಬನ್ನು ಒಳಗಿಟ್ಟು ಸುತ್ತಲೂ ಹೊಲಿದುಬಿಟ್ಟಿರುತ್ತಾರೆ. ಅದನ್ನು ಗಾಲಿಗೆ ಅಂಟಿನಿಂದ ಅಂಟಿಸಬೇಕು. ದಾರಿಯಲ್ಲಿ ತೇಪೆಗೆ ಅವಕಾಶವಿಲ್ಲ. ಸನ್ನೆ ತಿರುಗಿಸಿ ಚಕ್ರ ತೆಗೆದೆ. ಹುಡುಗನೂ ನಾನೂ ಸೇರಿ ಹಳೆಯದನ್ನು ಕಿತ್ತೆವು. ಭುಜದ ಮೇಲಿನದನ್ನು ಹಾಕಿ, ಗಾಳಿ ತುಂಬಿ ಹೊರಟೆವು. ಹತ್ತು ನಿಮಿಷ ಹಿಡಿಯಿತು. ಇಬ್ಬರು ಸೇರಿ ಮಾಡಿದ್ದರಿಂದ ಹಳೆಯ ಟೂರ್ ಪಂದ್ಯದಲ್ಲಾದರೆ ನನಗೆ ದಂಡ ಬೀಳುತ್ತಿತ್ತು. 1913ರಲ್ಲಿ ಯೂಜೆನ್ ಕ್ರಿಸ್ತೋಫ್ ಎಂಬವನ ಸೈಕಲ್ಲಿನ ಮುಂಗವಲು ಪಿರನೀಸ್ ಪರ್ವತದಲ್ಲಿ ಮುರಿಯಿತು. ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ಹೊತ್ತು ನಡೆದು, ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬಡಿದು ಕೂಡಿಸಿದನು. ಪಂದ್ಯದ ಅಧಿಕಾರಿಗಳು ಅಲ್ಲಿಯೇ ನಿಂತು ನೋಡುತ್ತಿದ್ದರು. ತಿದಿಯನ್ನು ಒಬ್ಬ ಹುಡುಗ ಒತ್ತಿದನೆಂಬ ಕಾರಣಕ್ಕೆ ದಂಡ ವಿಧಿಸಿದರು. 1919ರಲ್ಲಿ ಮುಂದಿರುವವನನ್ನು ಗುರುತಿಸಲು ಹಳದಿ ಅಂಗಿ ಜಾರಿಗೆ ಬಂದಾಗ ಅದನ್ನು ಮೊದಲು ತೊಟ್ಟವನು ಅವನೇ. ಟೂರ್ ಅನ್ನು ಅವನು ಎಂದೂ ಗೆಲ್ಲಲಿಲ್ಲ. ಪೆಡಲಿನ ಪಂಜರಗಳ ಮೇಲೆ ಮಾತ್ರ ಅವನ ಹೆಸರು ಬಹುಕಾಲ ಉಳಿಯಿತು. ನನ್ನ ಪಾದದ ಮುಂದೆಯೂ ಆ ಹೆಸರೇ ಕೆತ್ತಿತ್ತು.

ನಿಟ್ಟೆ ಕಳೆದ ಮೇಲೆ ಎದುರಿಗೆ ಪಶ್ಚಿಮಘಟ್ಟದ ನೀಲಿಗೋಡೆ ಹತ್ತಿರವಾಗುತ್ತದೆ. ಬಿಸಿಲು ಏರಿತ್ತು. ಒಂದು ದಿಣ್ಣೆಯಲ್ಲಿ 24 ಹಲ್ಲಿನಲ್ಲೂ ಕಾಲು ತಿರುಗದೆ, ಇಳಿಯಲೇಬೇಕೆಂದು ಎರಡು ಸಲ ನಿಶ್ಚಯಿಸಿದೆ. ಚೌಕಟ್ಟು ಮಾತ್ರ ಎಲ್ಲಿಯೂ ಕಿರುಗುಟ್ಟಲಿಲ್ಲ. ಆನೆಕೆರೆಯ ದಂಡೆಯಲ್ಲಿ ಮುಖ ತೊಳೆದು ಬೆಟ್ಟದ ಬುಡಕ್ಕೆ ಬಂದಾಗ ಹನ್ನೊಂದು ಗಂಟೆ.

ಸೈಕಲ್ಲುಗಳನ್ನು ಕೆಳಗಿರಿಸಿ, ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿದೆವು. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿಯ ಗೊಮ್ಮಟ. ಬೆಳಗೊಳದ ಗೊಮ್ಮಟನನ್ನು ನಿಂತ ಬೆಟ್ಟದಲ್ಲೇ ಕಡೆದರು; ಕಾರ್ಕಳದವನನ್ನು ಬೇರೆಡೆ ಕಡೆದು, ಹಲವು ಗಾಲಿಗಳ ಬಂಡಿಯ ಮೇಲಿಟ್ಟು ಜನರು ಈ ಜಾರುಬಂಡೆಯ ಮೇಲೆಳೆದರೆಂದು ಚಂದ್ರಮ ಕವಿಯ ಕಾವ್ಯದಿಂದ ತಿಳಿಯುತ್ತದೆ. ಅವರಿಗೆ ಎಷ್ಟು ಹಲ್ಲಿನ ಗೇರು ಇದ್ದಿತೆಂದು ಹುಡುಗ ಕೇಳಿದನು. ಎದುರಿಗೆ 1586ರ ಚತುರ್ಮುಖ ಬಸದಿ ನಾಲ್ಕು ಬಾಗಿಲುಗಳನ್ನೂ ತೆರೆದು ಕುಳಿತಿತ್ತು. ಉಡುಪು, ಉಣ್ಣೆ, ಟೊಪ್ಪಿ, ಬೂಟು ಎಂದು ದಾರಿಯುದ್ದಕ್ಕೂ ಹರಟಿಕೊಂಡು ಬಂದ ನಾವಿಬ್ಬರೂ ಏನನ್ನೂ ಉಡದೆ ನಿಂತವನ ಮುಂದೆ ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು.

ಕೆಳಗಿಳಿದು, ಹಿಂದಿನ ಚಕ್ರದ ತಿರುಪೊಂದು ಸಡಿಲವಾದಂತೆ ಕಂಡದ್ದರಿಂದ ಚಿಕ್ಕಪ್ಪನ ಚರ್ಮದ ಚೀಲವನ್ನು ಬಿಚ್ಚಿದೆ. ಎರಡು ಸ್ಪ್ಯಾನರು, ಸೂಜಿದಾರ, ಒಣಗಿದ ಅಂಟಿನ ಕೊಳವೆ. ಅಡಿಯಲ್ಲಿ ಮಡಿಸಿದ ಒಂದು ಬಿಳಿಯ ಬಟ್ಟೆ. ಬಿಡಿಸಿದರೆ ಕಪ್ಪು ಅಂಕಿ, 47. ಮುಂಬಯಿ–ಪುಣೆ ಪಂದ್ಯದಲ್ಲಿ ಬೆನ್ನಿಗೆ ಚುಚ್ಚಿಕೊಳ್ಳುವ ಸಂಖ್ಯೆ. ಆ ಪಂದ್ಯದ ಕಥೆಯನ್ನು ಕೇಳಿಯೇ ನಾವೆಲ್ಲ ಬೆಳೆದವರು. ಖಂಡಾಲದ ಘಾಟಿಯನ್ನು ಎಲ್ಲರಿಗಿಂತ ಮೊದಲು ಏರಿದವನಿಗೆ ಘಾಟಿನ ರಾಜನೆಂದು ಬಿರುದು. ಚಿಕ್ಕಪ್ಪ ಒಂದು ವರ್ಷ ಅಲ್ಲಿ ಮೂರನೆಯವರಾಗಿದ್ದರಂತೆ. ಹುಡುಗ ಬಟ್ಟೆಯನ್ನು ಬೆಳಕಿಗೆ ಹಿಡಿದನು. "ಮಾವ, ಇದರಲ್ಲಿ ಪಿನ್ನಿನ ತೂತೇ ಇಲ್ಲ" ಎಂದನು.

ನಾಲ್ಕು ಮೂಲೆಗಳನ್ನೂ ನೋಡಿದೆ. ಇರಲಿಲ್ಲ. ಮೊದಲಿನ ಮಡಿಕೆಯಲ್ಲೇ ಮಡಿಸಿ ಒಳಗಿಟ್ಟೆ.

ಹಿಂದಿರುಗುವ ಹಾದಿಯ ವಿಷಯ ಹೆಚ್ಚಿಲ್ಲ. ಮತ್ತೆ ನಿಟ್ಟೆ, ಬೆಳ್ಮಣ್ಣು. ಅಲ್ಲಿಂದ ನೇರ ಪಡುಬಿದ್ರಿಗೆ ಇಳಿದು, ಕಡಲಗಾಳಿಗೆ ಎದುರಾಗಿ ಉಚ್ಚಿಲದ ಮೇಲೆ ಕಾಪು. ಒಟ್ಟು 90 ಕಿಲೋಮೀಟರಿನ ಆಸುಪಾಸು. ಅಂಟು ಸರಿಯಾಗಿ ಹಿಡಿಯದ ಟೈರು ತಿರುವಿನಲ್ಲಿ ಕಳಚೀತೆಂಬ ಭಯದಿಂದ ಇಳಿಜಾರುಗಳಲ್ಲಿ ಬ್ರೇಕು ಹಿಡಿದೇ ಬಂದೆ. ಇಷ್ಟು ಹೊತ್ತೂ ನನ್ನ ತಲೆಯಲ್ಲಿದ್ದುದು ಒಂದೇ: ಚೀಲ ಬಿಚ್ಚಿದೆನೆಂದು ಹೇಳುವುದೋ ಬಿಡುವುದೋ?

ಹೇಳುವ ಅಗತ್ಯ ಬೀಳಲಿಲ್ಲ. ನಾವು ಅಂಗಳಕ್ಕೆ ಬಂದಾಗ ಚಿಕ್ಕಪ್ಪ ಮೊದಲು ನೋಡಿದ್ದು ಚೀಲದ ಪಟ್ಟಿಯನ್ನು. ಬೇರೆ ರಂಧ್ರಕ್ಕೆ ಬಿಗಿದಿದ್ದೆ. ಚಿಕ್ಕಮ್ಮ ಒಳಗೆ ಹೋಗುವವರೆಗೆ ಕಾದು ಹೇಳಿದರು: "ಹಿಂದಿನ ರಾತ್ರಿ ದೊಡ್ಡ ಭಟ್ಟರಿಗೆ ಜ್ವರ ಬಂತು. ಆದಿತ್ಯವಾರ, ಇನ್ನೂರು ಊಟ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ನಾನೇ ಸಾಂಬಾರಿನ ಕೊಪ್ಪರಿಗೆಯ ಮುಂದೆ ನಿಂತೆ. ಊರಿಗೆ ಬಂದಾಗ ಅಪ್ಪ ಕೇಳಿದರು, ಎಷ್ಟನೆಯವನಾಗಿ ಬಂದೆಯೆಂದು. ಮೊದಲನೆಯವನೆಂದು ಹೇಳಲು ಧೈರ್ಯ ಬರಲಿಲ್ಲ."

ಹುಡುಗ ನಕ್ಕುಬಿಟ್ಟನು. ಚಿಕ್ಕಪ್ಪನೂ ನಕ್ಕರು. ನಾನು ಸೈಕಲ್ಲಿನ ವರದಿ ಒಪ್ಪಿಸಿದೆ: ಚೌಕಟ್ಟು ಗಟ್ಟಿ, ಗೇರು ಸರಿ, ಒಂದು ಟೈರು ಹೋಯಿತು.

"ನಿಟ್ಟೆಯ ದಿಣ್ಣೆಯಲ್ಲಿ ಎಷ್ಟು ಹಲ್ಲು?" ಎಂದರು.

"24. ಅದರಲ್ಲೂ ಕಷ್ಟವಾಯಿತು."

"ನಾನಾದರೆ 21ರಲ್ಲಿ ಹತ್ತುತ್ತಿದ್ದೆ" ಎಂದು ಹೇಳಿ, ಬೆಂಗಳೂರಿನವರಿಗೆ ಫೋನು ಹಚ್ಚಿಕೊಡುವಂತೆ ಹುಡುಗನ ಕಡೆಗೆ ಕೈ ಚಾಚಿದರು. ಸೈಕಲ್ಲು ಕೊಡುವುದಿಲ್ಲವೆಂದು ತಿಳಿಸಿ, ಬೆಂಗಳೂರಿನಲ್ಲಿ ಹೊಲಿದ ಟೈರು ಎಲ್ಲಿ ಸಿಕ್ಕುತ್ತದೆಂದು ಅವರನ್ನೇ ವಿಚಾರಿಸತೊಡಗಿದರು. ಕಡಲ ಕಡೆಯಲ್ಲಿ ದೀಪಸ್ತಂಭ ಹೊತ್ತಿಕೊಂಡಿತ್ತು.